ಅಡ್ಡಿಗೆ ಅರ್ಥವೊಂದೇ ಸಾಕೆ?

ಕಪ್ಪುಹಲಗೆಯ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ನಡುವೆ ಒಂದು ಗೀಟು. ಮೂರು ದಶಕಗಳ ಕಾಲ ನಾನು ಇಂಗ್ಲಿಷ್ ಬೋಧಿಸಿದ್ದು ಹೀಗೆಯೇ. ಆಬ್‌ಸ್ಟಕಲ್, ಹರ್ಡಲ್, ಬ್ಯಾರಿಯರ್, ಇಂಪೆಡಿಮೆಂಟ್ ಎಲ್ಲಕ್ಕೂ ‘ಅಡ್ಡಿ, ತಡೆ’ ಎಂದು ಬರೆದು ಕೈಯ ಸೀಮೆಸುಣ್ಣ ಕೊಡವಿಕೊಂಡವನು ನಾನು. ಈ ಪದ್ಧತಿಯೇ ತಪ್ಪೆಂದು ಇಂದು ಹೇಳಹೊರಟಿದ್ದೇನೆ. ಹಳೆಯ ಸಹೋದ್ಯೋಗಿಗಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ಶಿ ಕ್ರಾಸ್ಡ್ ಆಲ್ ದಿ ಆಬ್‌ಸ್ಟಕಲ್ಸ್’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. “ಸರ್, ದಾಟೋದು ಅಂದ್ರೆ ಕ್ರಾಸ್ ಅಲ್ವಾ?” ಎಂದಳು. “ಇಂಗ್ಲಿಷಿನಲ್ಲಿ ಹಾಗೆ ಹೇಳೋದಿಲ್ಲ, ಕೂತ್ಕೋ” ಎಂದೆ. ಆ ವರ್ಷವಿಡೀ ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ. ಅವಳ ವ್ಯಾಕರಣದಲ್ಲಿ ದೋಷವಿರಲಿಲ್ಲ. ಆಬ್‌ಸ್ಟಕಲ್‌ಗೆ ಒಗ್ಗುವ ಕ್ರಿಯಾಪದ ‘ಓವರ್‌ಕಮ್’ ಎಂಬುದನ್ನು ನಾನು ಕಲಿಸಿಯೇ ಇರಲಿಲ್ಲ!

ಪದಗಳಿಗೂ ನೆಂಟಸ್ತಿಕೆಯುಂಟು. ಹರ್ಡಲ್ ಎಂದೊಡನೆ ಓಟದ ಮೈದಾನ ಕಣ್ಣಿಗೆ ಕಟ್ಟಬೇಕು. ಅದನ್ನು ‘ಕ್ಲಿಯರ್’ ಮಾಡುತ್ತಾರೆ. ಬ್ಯಾರಿಯರನ್ನು ‘ಬ್ರೇಕ್ ಡೌನ್’ ಮಾಡುತ್ತಾರೆ. ಇಂಪೆಡಿಮೆಂಟಿನ ಲ್ಯಾಟಿನ್ ಮೂಲದಲ್ಲಿ ಕಾಲಿಗೆ ತೊಡರು ಹಾಕುವ ಅರ್ಥವಿದೆ. ಮಾತಿನ ತೊದಲನ್ನು ‘ಸ್ಪೀಚ್ ಇಂಪೆಡಿಮೆಂಟ್’ ಎನ್ನುತ್ತಾರೆ. ‘ಸ್ಪೀಚ್ ಹರ್ಡಲ್’ ಎಂದರೆ ಕೇಳಿದವರು ನಕ್ಕಾರು.

ಇದೇನೂ ಹೊಸ ಶೋಧವಲ್ಲ. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸುಧಾರಣೆಗೆ ದುಡಿದ ಹೆರಾಲ್ಡ್ ಪಾಮರ್ ಇಂಥ ಪದಜೋಡಿಗಳ ವರದಿಯನ್ನು 1933ರಲ್ಲಿಯೇ ಟೋಕಿಯೋದಲ್ಲಿ ಪ್ರಕಟಿಸಿದ್ದರು. ಆಕ್ಸ್‌ಫರ್ಡ್ ಪ್ರಕಾಶನವು 2002ರಲ್ಲಿ ಇವಕ್ಕೆಂದೇ ಒಂದು ನಿಘಂಟನ್ನು ಹೊರತಂದಿತು. ನನ್ನ ಬಿ.ಎಡ್. ತರಗತಿಯಲ್ಲಿ ಮಾತ್ರ ಈ ಸೊಲ್ಲೇ ಏಳಲಿಲ್ಲ. (ಪಾಠಯೋಜನೆಯ ಹಾಳೆಗೆ ಎಷ್ಟು ಅಂಚು ಬಿಡಬೇಕೆಂಬುದನ್ನು ಚೆನ್ನಾಗಿಯೇ ಕಲಿಸಿದ್ದರು.)

“ಹಳ್ಳಿಯ ಮಕ್ಕಳಿಗೆ ಒಂದು ಪದವೇ ಭಾರ, ಇನ್ನು ಜೋಡಿಯೆಲ್ಲಿಂದ?” ಎನ್ನುವವರಿದ್ದಾರೆ. ಈ ವಾದವನ್ನು ನಾನು ಸುತರಾಂ ಒಪ್ಪೆ. ಕನ್ನಡದಲ್ಲಿ ಆ ಮಕ್ಕಳು ಆಡುವುದೂ ಜೋಡಿಯಲ್ಲಿಯೇ. ಗಂಟನ್ನು ಬಿಚ್ಚುತ್ತಾರೆ, ತೊಡಕನ್ನು ಬಿಡಿಸುತ್ತಾರೆ. ವಿಘ್ನವನ್ನು ಯಾರೂ ಬಿಚ್ಚುವುದಿಲ್ಲ, ಅದು ನಿವಾರಣೆಯಾಗಬೇಕು. ಉತ್ತರ ಕನ್ನಡದವರು ‘ಅಡ್ಡಿಯಿಲ್ಲ’ ಎಂದರೆ ‘ಆಗಲಿ’ ಎಂದಷ್ಟೇ ತಿಳಿಯಬೇಕು. ಇದನ್ನೆಲ್ಲ ಯಾವ ಮಗುವೂ ಗೀಟು ಎಳೆದು ಕಲಿತಿಲ್ಲ. ‘ಓವರ್‌ಕಮ್ ಆನ್ ಆಬ್‌ಸ್ಟಕಲ್’ ಎಂದು ಒಟ್ಟಿಗೇ ಬಾಯಿಗೆ ಬಂದರೆ, ವಾಕ್ಯ ಕಟ್ಟುವಾಗ ಕ್ರಿಯಾಪದಕ್ಕಾಗಿ ಕನ್ನಡದತ್ತ ಓಡುವ ಶ್ರಮ ಉಳಿಯುತ್ತದೆ.

ಮೊನ್ನೆ ಮೊಮ್ಮಗನ ನೋಟ್‌ಪುಸ್ತಕ ತೆರೆದರೆ ಅದೇ ಗೀಟು! ಆಬ್‌ಸ್ಟಕಲ್‌ನ ಹಿಂದೆ ‘ಓವರ್‌ಕಮ್’ ಸೇರಿಸಿ ಬರೆ ಎಂದೆ. “ಟೀಚರ್ ಅಷ್ಟೇ ಕೊಟ್ಟಿರೋದು ತಾತ, ಜಾಸ್ತಿ ಬರೆದ್ರೆ ಬೈತಾರೆ” ಎಂದ.