ಮನೆ ಮಾತು: ಪರೀಕ್ಷಕರ ವರದಿಯೂ ಅವ್ವನ ಪ್ರಶ್ನೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದ ನಮ್ಮಂಥವರಿಗೆ ಕಟ್ಟಿ ನೋಡುವ ಯೋಗ ಎಲ್ಲಿಂದ ಬರಬೇಕು? ಯಾರೋ ಕಟ್ಟಿದ್ದನ್ನು, ಯಾರೋ ಇದ್ದು ಬಿಟ್ಟದ್ದನ್ನು ಕೊಂಡು ನೋಡುವುದೇ ನಮ್ಮ ಪಾಲಿಗೆ ಬಂದದ್ದು. ಕಟ್ಟಿಸುವವನು ಇಟ್ಟಿಗೆಯನ್ನಾದರೂ ತಟ್ಟಿ ನೋಡಿರುತ್ತಾನೆ. ಕೊಳ್ಳುವವನಿಗೆ ಕಾಣುವುದು ಬಣ್ಣ ಮಾತ್ರ. ಆ ಬಣ್ಣದ ಹಿಂದೆ ಏನಿದೆಯೆಂದು ನೋಡಿ ಹೇಳುವ ಪರೀಕ್ಷಕರು ಈಗ ನಮ್ಮ ಮಹಾನಗರಗಳಲ್ಲಿಯೂ ಸಿಗುತ್ತಾರೆ. ಅವರು ನೋಡುವ ಬಗೆ ಇರಲಿ. ನೋಡಿದ್ದನ್ನು ಕೊಳ್ಳುವವನಿಗೆ ಹೇಳುವ ಬಗೆ ಹೇಗೆ ಎಂಬುದೇ ಈ ಸಲದ ನಮ್ಮ ವಿಷಯ.

ಕಳೆದ ಮಳೆಗಾಲದಲ್ಲಿ ಡೊಂಬಿವಿಲಿಯಲ್ಲಿ ಒಂದು ಫ್ಲಾಟು ನಮ್ಮ ಮನಸ್ಸಿಗೆ ಬಂದಿತು. 28 ವರ್ಷದ ಕಟ್ಟಡ, ಎರಡನೆಯ ಮಹಡಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ. ಊರಿನ ಹೊಲ ಮಾರಿದ ಹಣವನ್ನು ಅವ್ವ ನಮ್ಮ ಕೈಗೆ ಇಟ್ಟಿದ್ದಳು. ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಬ್ಯಾಂಕಿನವರು ಕಳಿಸಿದ ಮೌಲ್ಯಮಾಪಕರು ಬಂದು ಅಳತೆ ಹಿಡಿದು, ಫೋಟೋ ತೆಗೆದು ಹೋದರು. ಮನೆಯ ಪರೀಕ್ಷೆ ಆಯಿತೆಂದೇ ನಾವು ತಿಳಿದಿದ್ದೆವು. ಕಚೇರಿಯ ಹಿರಿಯ ಸಹೋದ್ಯೋಗಿಗಳು ನಕ್ಕು, "ಅವರು ನೋಡಿದ್ದು ಬ್ಯಾಂಕಿನ ಸಾಲಕ್ಕೆ ಮನೆ ಸಾಕೋ ಎಂದು, ನಿಮ್ಮ ಸಂಸಾರಕ್ಕೆ ಸಾಕೋ ಎಂದಲ್ಲ" ಎಂದರು. ಮಾತು ನಿಜವಾಗಿತ್ತು. ಫೀಸು ಕೊಟ್ಟು ಬೇರೊಬ್ಬ ಇಂಜಿನಿಯರರನ್ನು ಕರೆಸಿದೆವು.

ಅವರು ಅರ್ಧ ದಿನ ನೋಡಿದರು. ಗೋಡೆಗೆ ತೇವಮಾಪಕವನ್ನು ಒತ್ತಿದರು, ನೆಲದ ಹಾಸನ್ನು ತಟ್ಟಿ ಸದ್ದು ಕೇಳಿದರು, ನಲ್ಲಿಗಳನ್ನೆಲ್ಲ ತಿರುವಿದರು. ನಾಲ್ಕು ದಿನಕ್ಕೆ ವರದಿ ಬಂದಿತು: 46 ಪುಟ, ಪ್ರತಿ ಪುಟಕ್ಕೂ ಬಣ್ಣದ ಚಿತ್ರ, ಎಲ್ಲವೂ ಇಂಗ್ಲಿಷಿನಲ್ಲಿ. ಅಡಿಗೆಮನೆಯ ನಲ್ಲಿ ಸೋರುತ್ತದೆ, ಒಂದು ಕಲಮು. ಕಿಟಕಿಯ ಚಿಲಕ ಸಡಿಲ, ಇನ್ನೊಂದು ಕಲಮು. 31ನೆಯ ಪುಟದಲ್ಲಿ, ಅದೇ ಅಕ್ಷರದ ಅಳತೆಯಲ್ಲಿ, ಬಾಲ್ಕನಿಯ ತೊಲೆಯ ಅಡಿಭಾಗದಲ್ಲಿ ಸರಳಿನ ಗುಂಟ ಬಿರುಕು ಕಂಡುಬಂದಿದೆ, ತಜ್ಞರಿಂದ ಹೆಚ್ಚಿನ ಪರಿಶೀಲನೆ ಸೂಕ್ತ.

ಈ 'ಸೂಕ್ತ'ವನ್ನು ನೋಡಿ ನಮಗೆ ನಗು ಬಂದಿತು. ಕಡತದ ಮೇಲೆ ಟಿಪ್ಪಣಿ ಬರೆದೇ ಅನ್ನ ತಿನ್ನುವವರು ನಾವು. 'ಪರಿಶೀಲಿಸಬಹುದು', 'ಸೂಕ್ತ ಕ್ರಮಕ್ಕಾಗಿ ಮಂಡಿಸಿದೆ' ಎಂಬ ಮಾತುಗಳನ್ನು ನಾವು ಎಷ್ಟು ಬರೆದಿಲ್ಲ! ಆ ಮಾತುಗಳ ಗುಣವೇನೆಂದರೆ, ನಾಳೆ ಏನೇ ಆದರೂ ಬರೆದವನ ಮೇಲೆ ಬರುವುದಿಲ್ಲ. ಆದರೆ ಈ ಸಲ ಕಡತದ ಆ ತುದಿಯಲ್ಲಿ ಕೂತವರು ನಾವೇ, ಎಂದು ಅರಿವಾದಾಗ ನಗು ನಿಂತಿತು.

ಸಂಜೆ ವರದಿಯನ್ನು ಮನೆಯಲ್ಲಿ ಓದಿ ಕನ್ನಡದಲ್ಲಿ ಹೇಳಿದೆವು. ಅವ್ವ ಕೊನೆಯ ತನಕ ಸುಮ್ಮನೆ ಕೇಳಿ, "ಅಷ್ಟು ಹಾಳಿ ಓದಿದ್ಯಲ್ಲೋ, ಕಡೀಕ ಏನಂತಾನಪಾ ಅವ? ಮನಿ ತಗೋಬೇಕೋ, ಬ್ಯಾಡೋ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಇಂಜಿನಿಯರರ ಬಳಿಗೆ ಹೋಗಿ ಅದೇ ಪ್ರಶ್ನೆಯನ್ನು ಇಟ್ಟೆವು. "ಕೊಳ್ಳುವುದೂ ಬಿಡುವುದೂ ನಿಮಗೆ ಸೇರಿದ್ದು. ಆದರೆ ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಬೇಡ ಎಂಬುದನ್ನು ಹೇಳುತ್ತೇನೆ, ಕೂಡಿರಿ" ಎಂದರು. ಹತ್ತು ನಿಮಿಷದಲ್ಲಿ 46 ಪುಟ ತಿಳಿಯಾಯಿತು. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಸಾಮಾನ್ಯವಾಗಿ ಗಿಲಾವು ಒಣಗುವಾಗ ಆದವು. ಬಣ್ಣದ ಜೊತೆಗೆ ಮುಚ್ಚಿದರೆ ಆಯಿತು. ತೊಲೆಯ ಬಿರುಕು ಆ ಜಾತಿಯದಲ್ಲ. ಕಾಂಕ್ರೀಟಿನೊಳಗೆ ನೀರು ಇಳಿದು ಕಬ್ಬಿಣದ ಸರಳು ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಡುತ್ತದೆ. ಜಾಗವಿಲ್ಲದೆ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಅದಕ್ಕೇ ಬಿರುಕು ಸರಳಿನ ಗುಂಟ ಓಡುತ್ತದೆ. ಬಿಟ್ಟರೆ ಹೆಪ್ಪಳಿಕೆ ಉದುರುತ್ತದೆ, ಸರಳು ಸವೆಯುತ್ತದೆ. "ಇದು ನಿಮ್ಮ ಒಂದು ಮನೆಯ ರೋಗವೋ ಇಡೀ ಕಟ್ಟಡದ್ದೋ, ಮೊದಲು ಸೊಸೈಟಿಯಲ್ಲಿ ಕೇಳಿರಿ" ಎಂದರು.

"ಇದನ್ನೇ ಏಕೆ ಹೀಗೆ ಬರೆಯಲಿಲ್ಲ?" ಎಂದೆವು. "ನಾನು ಗೋಡೆ ಒಡೆದು ನೋಡುವಂತಿಲ್ಲ. ಕೆಟ್ಟಿದೆ ಎಂದು ಖಚಿತವಾಗಿ ಬರೆದರೆ ಮಾರುವವರು ಬಿಡುವುದಿಲ್ಲ, ಏನೂ ಇಲ್ಲ ಎಂದು ಬರೆದರೆ ನಾಳೆ ನೀವು ಬಿಡುವುದಿಲ್ಲ" ಎಂದರು. ಅವರ ಸಂಕಟವೂ ಸಂಕಟವೇ. ನಾಲಿಗೆಗೆ ಇದ್ದ ಧೈರ್ಯ ಲೇಖನಿಗೆ ಇರಲಿಲ್ಲ, ಅಷ್ಟೆ.

ಈ ತೊಡಕು ನಮ್ಮಲ್ಲಿಯದು ಮಾತ್ರವಲ್ಲ. ಮನೆ ಪರೀಕ್ಷೆ ರೂಢಿಯಾಗಿರುವ ಅಮೇರಿಕೆಯ ಟೆಕ್ಸಾಸ್ ಸಂಸ್ಥಾನದಲ್ಲಿ ಪರೀಕ್ಷಕರಿಗೆ ಸರಕಾರವೇ ಒಂದು ನಮೂನೆ ಕೊಟ್ಟಿದೆ. ಪ್ರತಿ ಬಾಬಿನ ಮುಂದೆ ನಾಲ್ಕು ಚೌಕ: ನೋಡಿದೆ, ನೋಡಿಲ್ಲ, ಇಲ್ಲಿ ಇಲ್ಲ, ದೋಷವಿದೆ. ಅಚ್ಚುಕಟ್ಟು ನಿಜ, ಆದರೆ ಸಡಿಲಾದ ಕೈಪಿಡಿಗೂ ಕುಸಿದ ತಳಪಾಯಕ್ಕೂ 'ದೋಷ'ದ ಚೌಕ ಒಂದೇ. ಇಂಗ್ಲೆಂಡಿನ ಸರ್ವೇಯರರ ರಾಜಸಂಸ್ಥೆಯ ವರದಿಯಲ್ಲಿ ಮೂರು ದರ್ಜೆ, ರಸ್ತೆಯ ದೀಪದಂತೆ: ಹಸಿರಾದರೆ ಸದ್ಯ ರಿಪೇರಿ ಬೇಡ, ಹಳದಿಯಾದರೆ ಬೇಕು, ಅವಸರವಿಲ್ಲ, ಕೆಂಪಾದರೆ ಗಂಭೀರ, ತಡಮಾಡಬೇಡಿ. ಇಂಗ್ಲಿಷು ಬಾರದ ಅವ್ವನಿಗೂ ಇದು ತಿಳಿದೀತು. ನಮ್ಮ ಮುಂಬಯಿ ಮಹಾನಗರಪಾಲಿಕೆಯೂ ಹಳೆಯ ಕಟ್ಟಡಗಳನ್ನು ಹೀಗೆ ವಿಂಗಡಿಸುತ್ತದೆ: ಸಿ-1 ಎಂದರೆ ಖಾಲಿ ಮಾಡಿ ಕೆಡವತಕ್ಕದ್ದು, ಸಿ-3 ಎಂದರೆ ಸಣ್ಣ ರಿಪೇರಿ, ನಡುವೆ ಸಿ-2ರ ಎರಡು ಬಗೆ, ದೊಡ್ಡ ರಿಪೇರಿಯವು.

ಇಂಜಿನಿಯರರ ಮಾತಿನಂತೆ ಸೊಸೈಟಿಯ ಕಾರ್ಯದರ್ಶಿಗಳನ್ನು ಕಂಡೆವು. ಮಹಾರಾಷ್ಟ್ರದ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪನಿಯಮದ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ರಚನೆಯ ತಪಾಸಣೆ ಆಗಬೇಕು. ಆಗಿಯೂ ಇತ್ತು. ಹೊರಗಿನ ತೊಲೆ, ಕಂಬಗಳ ರಿಪೇರಿ ಸಭೆಯಲ್ಲಿ ಮಂಜೂರಾಗಿ, ಫ್ಲಾಟಿಗೆ 2 ಲಕ್ಷ 40 ಸಾವಿರ ರೂಪಾಯಿ ವಂತಿಗೆಯೆಂದು ಗೊತ್ತಾಗಿತ್ತು. ಮಾರುವವರು ನಮಗೆ ಇದರ ಸುಳಿವನ್ನೇ ಕೊಟ್ಟಿರಲಿಲ್ಲ. ಎರಡು ವಾರದ ಎಳೆದಾಟದ ಮೇಲೆ ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಂಡು, ಅದನ್ನು ಕರಾರಿನಲ್ಲಿ ಬರೆಸಿ, ಮನೆ ಕೊಂಡೆವು. ಅವ್ವನ ಪ್ರಶ್ನೆ ಇಲ್ಲದಿದ್ದರೆ 31ನೆಯ ಪುಟವನ್ನು ನಾವು ಮಗುಚಿ ಹಾಕಿಬಿಡುತ್ತಿದ್ದೆವು.

ಮನೆ ಕೊಳ್ಳಲು ಹೊರಟ ನಮ್ಮ ಬಂಧುಗಳಿಗೆ ನಾಲ್ಕು ಮಾತು:

ಒಂದು, ಪರೀಕ್ಷಕರು ನೋಡುವಾಗ ಜೊತೆಯಲ್ಲಿ ಇರಿ. ಬರೆಯುವಾಗ ಅಳುಕುವವರೂ ಗೋಡೆಯ ಮುಂದೆ ನಿಂತು ಬಾಯಿಬಿಟ್ಟು ಹೇಳುತ್ತಾರೆ.

ಎರಡು, ಪ್ರತಿ ದೋಷಕ್ಕೂ ಕೇಳಿ: ಕಂಡದ್ದೇನು? ಅದಕ್ಕೆ ಕಾರಣವೇನಿರಬಹುದು? ಎಷ್ಟು ದಿನ ತಡೆದೀತು? ಖರ್ಚು ಸುಮಾರು ಎಷ್ಟು? ಅದನ್ನು ಹೊರುವವರು ಮಾರುವವರೋ, ಸೊಸೈಟಿಯೋ, ನಾವೋ? ಎಲ್ಲದರ ಕೊನೆಗೆ, ಅತಿ ಮುಖ್ಯವಾದ ಮೂರನ್ನು ಮೊದಲ ಪುಟದಲ್ಲಿಯೇ ಬರೆದು ಕೊಡಿರೆಂದು ವಿನಂತಿಸಿ.

ಮೂರು, 'ನೋಡಿಲ್ಲ' ಎಂಬುದನ್ನು 'ದೋಷವಿಲ್ಲ' ಎಂದು ಓದಬೇಡಿ. ಕಪಾಟಿನ ಹಿಂದೆ, ಸುಳ್ಳು ಛಾವಣಿಯ ಮೇಲೆ, ಗೋಡೆಯ ಒಳಗೆ ಅವರ ಕಣ್ಣು ಹೋಗಿರುವುದಿಲ್ಲ. ಉಷ್ಣದ ಕ್ಯಾಮರಾ ಕೂಡ ತೋರಿಸುವುದು ಗೋಡೆಯ ಬಿಸಿ ತಂಪುಗಳನ್ನು, ನೀರನ್ನೇ ಅಲ್ಲ. ಸಾಧ್ಯವಾದರೆ ಮಳೆಗಾಲದಲ್ಲಿ ನೋಡಿಸಿ. ಮೇ ತಿಂಗಳ ಹೊಸ ಬಣ್ಣ ಎಲ್ಲ ಮನೆಯನ್ನೂ ಮದುಮಗಳಾಗಿಸುತ್ತದೆ.

ನಾಲ್ಕು, ಹೊಸ ಫ್ಲಾಟಾದರೆ ವರದಿ ಹೋಗಬೇಕಾದದ್ದು ಕಟ್ಟಿದವರಿಗೆ. 2016ರ ರೇರಾ ಕಾಯಿದೆಯಂತೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲಾಗಲಿ ಕೆಲಸಗಾರಿಕೆಯಲ್ಲಾಗಲಿ ದೋಷ ತೋರಿಸಿಕೊಟ್ಟರೆ, ಅವರು 30 ದಿನದಲ್ಲಿ ಬಿಟ್ಟಿಯಾಗಿ ಸರಿಪಡಿಸಿಕೊಡಬೇಕು. ಆದುದರಿಂದ ಯಾವ ಕೋಣೆ, ಯಾವ ಗೋಡೆ, ಯಾವ ತಾರೀಖು ಎಂಬುದು ಚಿತ್ರಸಹಿತ ಇರಲಿ. ಕೊಟ್ಟದ್ದಕ್ಕೆ ಪೋಚು ಇರಲಿ.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಬಾಲ್ಕನಿಯ ಹೊರಗೆ ಕೂಲಿಗಳು ಬಿದಿರು ಕಟ್ಟುತ್ತಿದ್ದಾರೆ. ಅವ್ವ ಕುರ್ಚಿ ಹಾಕಿಕೊಂಡು ಕೂತು, ಯಾವ ತೊಲೆಯನ್ನು ಮೊದಲು ಮುಟ್ಟುತ್ತಾರೆಂದು ನೋಡುತ್ತಿದ್ದಾಳೆ. ಕಚೇರಿಯಲ್ಲಿ ಮಾತ್ರ ನಾವು ಈಚೆಗೆ 'ಸೂಕ್ತ ಕ್ರಮಕ್ಕಾಗಿ' ಎಂದು ಬರೆಯುವ ಮುನ್ನ ಒಂದು ಗಳಿಗೆ ಲೇಖನಿ ತಡೆಯುತ್ತೇವೆ. ಆ ತುದಿಯಲ್ಲಿಯೂ ಯಾರದೋ ಅವ್ವ ಕೂತಿರಬಹುದು.