ಓದಿದ ಮಾತ್ರಕ್ಕೆ ಬೀಜ ಉಳಿದೀತೆ?

ಬೆಳ್ಳುಳ್ಳಿಯ ಒಂದು ಎಸಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಅದರ ವಂಶಲಿಪಿಯಲ್ಲಿ ಸುಮಾರು 1,600 ಕೋಟಿ ಅಕ್ಷರಗಳಿವೆ. ಮನುಷ್ಯನ ಲಿಪಿಯಲ್ಲಿರುವುದು 310 ಕೋಟಿ ಮಾತ್ರ. ಜೀನೋಮ್ ಎಂದು ಕರೆಯಲಾಗುವ ಬೆಳ್ಳುಳ್ಳಿಯ ಈ ಲಿಪಿಯನ್ನು ಚೀನಾದ ವಿಜ್ಞಾನಿಗಳು 2020ರಲ್ಲಿ ಓದಿ ಪ್ರಕಟಿಸಿದರು. 2021ರಲ್ಲಿ ಈರುಳ್ಳಿಯದು ಬಂದಿತು. 2024ರಲ್ಲಿ ಸುಮಾರು ಸಾವಿರ ಕೋಟಿ ಅಕ್ಷರಗಳ ಕಬ್ಬಿನ ಲಿಪಿಯೂ ಬೆಳಕು ಕಂಡಿತು. ಸಾಧನೆ ದೊಡ್ಡದು, ಸ್ವತಃ ಕೃಷಿ ವಿಜ್ಞಾನಿಯಾದ ನಾನು ಅದನ್ನು ಅಲ್ಲಗಳೆಯಲಾರೆ. ನನ್ನ ತಕರಾರಿರುವುದು ಅದರ ಬೆನ್ನಿಗೇ ತೇಲಿಬರುವ ಒಂದು ಮಾತಿನ ಬಗ್ಗೆ: ಲಿಪಿಯೇ ಕಂಪ್ಯೂಟರಿನಲ್ಲಿರುವಾಗ ಹಳೆಯ ತಳಿಗಳನ್ನು ಹೊಲದಲ್ಲಿ ಏಕೆ ಸಾಕಬೇಕು?

ಮೊದಲು ಬೆಳ್ಳುಳ್ಳಿಯನ್ನೇ ಕೇಳೋಣ. ಅದರ ಲಿಪಿಯ ಶೇಕಡಾ 90ಕ್ಕೂ ಹೆಚ್ಚು ಭಾಗ ಮತ್ತೆ ಮತ್ತೆ ಮರುಕಳಿಸುವ ತುಣುಕುಗಳು. ಓದುವ ಕೆಲಸ ಇಷ್ಟು ತಡವಾದುದಕ್ಕೆ ಅದೇ ಮುಖ್ಯ ಕಾರಣ. ಓದಿದ್ದಾದರೂ ಒಂದು ತಳಿಯನ್ನು. ನಮ್ಮ ಮನೆಯಂಗಳದ ಸಣ್ಣ ಎಸಳಿನ ಖಾರದ ಬೆಳ್ಳುಳ್ಳಿಯ ಗುಣವೇನೆಂದು ಆ ಒಂದು ಲಿಪಿ ತಾನಾಗಿ ಹೇಳಲಾರದು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಾಗುವಳಿಯ ಬೆಳ್ಳುಳ್ಳಿ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ; ಎಸಳು ನೆಟ್ಟೇ ಬೆಳೆಯಬೇಕು. ಭತ್ತದಂತೆ ಒಣಗಿಸಿ ಶೀತಲ ಬೀಜಕೋಶದಲ್ಲಿ ವರ್ಷಗಟ್ಟಲೆ ಇಡಲು ಬಾರದು. ಒಂದು ಹಳ್ಳಿ ತನ್ನ ಬೆಳ್ಳುಳ್ಳಿಯನ್ನು ನೆಡುವುದು ಬಿಟ್ಟರೆ ಕೆಲವೇ ತಿಂಗಳಲ್ಲಿ ಆ ತಳಿಯ ಕಥೆ ಮುಗಿಯಿತು.

ಕಬ್ಬಿನ ಪಾಡೂ ಇದೇ. ರೈತನು ನೆಡುವುದು ತುಂಡು, ಬೀಜವಲ್ಲ. ಕಣ್ಣೂರಿನ ಕೇಂದ್ರದಲ್ಲಿ ಜಗತ್ತಿನ ಕಬ್ಬಿನ ತಳಿಗಳನ್ನು ಉಳಿಸಿರುವುದು ಕಪಾಟಿನಲ್ಲಲ್ಲ, ಮಣ್ಣಿನಲ್ಲಿ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳನ್ನು ದಾಖಲಿಸಿದ್ದಾನೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲು ಕಬ್ಬಿನ ಕಡಲಾಯಿತು. ಆದರೆ ಆ ಕಡಲಿನಲ್ಲಿ ಕೋ 62175ರಂತಹ ಒಂದೆರಡು ತಳಿಗಳೇ ದಶಕಗಳ ಕಾಲ ಆಳಿದವು. ಇಂದು ಪಟ್ಟಾಪಟ್ಟಿಯ ಲಿಪಿಯನ್ನು ಓದಬೇಕೆಂದರೆ ಮೊದಲು ಅದರ ಜಲ್ಲೆಯನ್ನು ಹುಡುಕಿಕೊಂಡು ಹೊರಡಬೇಕು!

ಇದೇ ಮಂಡ್ಯದ ವಿ.ಸಿ. ಫಾರಂ ನಮಗೆ ಬೇರೊಂದು ಪಾಠವನ್ನೂ ಕಲಿಸಿದೆ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ತಳಿವಿಜ್ಞಾನಿ ಅಲ್ಲಿ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಎರಡೂ ನೆಲಗಳಿವೆ. ಅವರ ಕೈಯಲ್ಲಿ ಜೀನೋಮ್ ಇರಲಿಲ್ಲ. ಪೈರು ಇತ್ತು, ಕಣ್ಣು ಇತ್ತು, ತಾಳ್ಮೆ ಇತ್ತು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ರಾಗಿಯ ಲಿಪಿಯನ್ನು ಓದಿ ಪ್ರಕಟಿಸಿದಾಗ ಆರಿಸಿಕೊಂಡದ್ದು ಎಂಎಲ್-365 ತಳಿಯನ್ನು. ಅದರ ತಾಯಿತಂದೆಗಳಲ್ಲಿ ಇಂಡಾಫ್-5 ಒಂದು. ಹೊಲ ಮೊದಲು, ಓದು ಆಮೇಲೆ. ಎರಡೂ ಖಂಡಗಳ ರೈತರು ಆ ರಾಗಿಗಳನ್ನು ಉಳಿಸಿಕೊಂಡು ಬಾರದಿದ್ದರೆ ಪ್ರಯೋಗಾಲಯ ಓದುವುದಾದರೂ ಏನನ್ನು?

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ತಮ್ಮ ಜಮೀನಿನಲ್ಲಿ ಬೆಳೆದು ಉಳಿಸುತ್ತಿದ್ದಾರೆ. ಅದನ್ನು ಹವ್ಯಾಸವೆಂದು ಬೆನ್ನುತಟ್ಟಿ ಸುಮ್ಮನಾಗುವುದು ಸಲ್ಲದು. ಮುಂದಿನ ಸಂಶೋಧನೆಗೆಲ್ಲ ಅದೇ ಮೂಲ ಬಂಡವಾಳ. ಒಂದು ಲಿಪಿಯನ್ನು ಓದಲು ಹಣ ಒದಗಿಸುವ ವ್ಯವಸ್ಥೆ, ಆ ಬೀಜವನ್ನು ಪ್ರತಿವರ್ಷ ಬಿತ್ತುವವನ ಕೂಲಿಯ ಲೆಕ್ಕ ಬಂದಾಗ ಮಾತ್ರ ಏಕೆ ಕೈಕಟ್ಟಿ ಕೂರುತ್ತದೆ?

ಮಲೆನಾಡಿನವರಾದ ನಮಗೆ ಬಯಲುಸೀಮೆಯ ಈ ವ್ಯಾಜ್ಯವೇಕೆ ಎನ್ನುವಿರೇನು? ಕರಿಮೆಣಸಿನ ತವರು ನಮ್ಮ ಘಟ್ಟ. ಅದರ ಜೀನೋಮನ್ನು 2019ರಲ್ಲಿ ಪ್ರಕಟಿಸಿದ್ದು ಚೀನಾದ ಸಂಸ್ಥೆಯ ನೇತೃತ್ವದ ತಂಡ. ಓದಿದ್ದು ತಪ್ಪಲ್ಲ. ಆದರೆ ಲಿಪಿ ಒಮ್ಮೆ ದತ್ತಾಂಶವಾಗಿ ಜಾಲ ಸೇರಿದ ಮೇಲೆ ಅದನ್ನು ಬಳಸಲು ಯಾರೂ ನಮ್ಮ ತೋಟಕ್ಕೆ ಬಂದು ಬಳ್ಳಿ ಕೇಳಬೇಕಾಗಿಲ್ಲ. ಈ ದತ್ತಾಂಶದಿಂದ ಹುಟ್ಟುವ ಲಾಭದಲ್ಲಿ ಪಾಲು ಕೊಡಬೇಕೆಂದು ಜಗತ್ತಿನ ರಾಷ್ಟ್ರಗಳು 2022ರಲ್ಲಿ ಒಪ್ಪಿದವು. 2025ರಲ್ಲಿ ಕಾಲಿ ನಿಧಿ ಎಂಬುದು ಆರಂಭವಾಯಿತು. ಆದರೆ ಅದಕ್ಕೆ ಕಂಪನಿಗಳು ಹಣ ಹಾಕುವುದು ಸ್ವಇಚ್ಛೆಯಿಂದ. ಕೊಡುವವನ ಮರ್ಜಿಗೆ ಬಿಟ್ಟ ಪಾಲನ್ನು ಹಕ್ಕು ಎನ್ನಲಾದೀತೆ?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಲಿಪಿ ಓದುವ ಪ್ರತಿ ಯೋಜನೆಯಲ್ಲೂ ಆ ಬೆಳೆಯ ನಾಡತಳಿಗಳನ್ನು ಹೊಲದಲ್ಲಿ ಉಳಿಸಲು ಹಣ ಮೀಸಲಿಡಬೇಕು. ಬೀಜ ಕೊಟ್ಟ ಊರಿನ ಹೆಸರು ದತ್ತಾಂಶದೊಡನೆ ಅಳಿಯದೆ ಉಳಿಯಬೇಕು. ದತ್ತಾಂಶದಿಂದ ಬಂದ ಲಾಭದ ಪಾಲು ಕಡ್ಡಾಯವಾಗಬೇಕು. ನಮ್ಮ ಪಾಲಿನ ಕೆಲಸವೂ ಇದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಇರಬೇಕು. ನಿಮ್ಮೂರಿನ ದಾಖಲಾತಿ ತೆರೆಸಿ ನೋಡಿ. ಅಜ್ಜಿ ನೆಡುತ್ತಿದ್ದ ಬೆಳ್ಳುಳ್ಳಿ ಅದರಲ್ಲಿದೆಯೆ? ಇಲ್ಲವಾದರೆ, ವಿದ್ಯಾರ್ಥಿ ಮಿತ್ರರೇ, ಬರೆಸುವ ಹೊಣೆ ನಿಮ್ಮದು. ಬರೆಸಿದ ಮೇಲೆ ನಾಲ್ಕು ಎಸಳು ಕೇಳಿ ತಂದು ನೆಡುವ ಹೊಣೆಯೂ ನಿಮ್ಮದೇ.