ಮೊದಲು ಹಳ್ಳಕ್ಕೆ ಜಾಗ, ಆಮೇಲೆ ಸೈಟು!

ಮಳೆಗಾಲ ಬಂತೆಂದರೆ ನಮ್ಮ ಅಂಗಡಿಯವರಿಗೆ ವ್ಯಾಪಾರದ ಜೊತೆ ಇನ್ನೊಂದು ಕೆಲಸ, ಕೆಳಗಿನ ಮೂಟೆಗಳನ್ನು ಅಟ್ಟಕ್ಕೇರಿಸುವುದು. 2022ರ ಆಗಸ್ಟ್ ಕೊನೆಯ ಮಳೆಯನ್ನು ಯಾರೂ ಮರೆತಿಲ್ಲ. ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಕೆರೆಯಾಯಿತು. ಬಸ್ಸು, ಕಾರುಗಳು ನೀರಿನಲ್ಲಿ ನಿಂತುಬಿಟ್ಟವು. ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕೋಟಿ ಬೆಲೆಯ ಮನೆಯವರೂ ಟ್ರ್ಯಾಕ್ಟರ್ ಏರಿ ಆಚೆ ಬಂದರು. ಮಳೆರಾಯನಿಗೆ ಬಡವ-ಬಲ್ಲಿದನೆಂಬ ಭೇದವಿಲ್ಲ.

‘ಮಳೆ ಜಾಸ್ತಿಯಾಯ್ತು, ಏನ್ ಮಾಡೋಕಾಗುತ್ತೆ?’ ಎಂಬುದು ಸಂಬಂಧಪಟ್ಟವರ ಸಿದ್ಧ ಉತ್ತರ. ಸ್ವಾಮೀ, ಮಳೆ ಜಾಸ್ತಿಯಾದದ್ದು ನಿಜ. ಹಳ್ಳ ಕಿರಿದಾದದ್ದೂ ಅಷ್ಟೇ ನಿಜವಲ್ಲವೇ?

ಲೆಕ್ಕ ನೋಡಿ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರು ನೀರು. 10 ಸಾವಿರ ಲೀಟರಿನ ಟ್ಯಾಂಕರಿಗೆ ತುಂಬಿದರೆ 40 ಟ್ಯಾಂಕರು! ಹೊಲವಾಗಿದ್ದಾಗ ಒಂದಷ್ಟನ್ನು ಮಣ್ಣು ಕುಡಿಯುತ್ತಿತ್ತು, ಬದು ತಡೆಯುತ್ತಿತ್ತು, ಮಿಕ್ಕದ್ದು ನಿಧಾನವಾಗಿ ಹಳ್ಳ ಸೇರುತ್ತಿತ್ತು. ಅಲ್ಲಿ ತಾರಸಿ, ಟಾರು ಬಂದ ಮೇಲೆ ಬಹುಪಾಲು ನೀರು ಒಮ್ಮೆಗೇ ನುಗ್ಗುತ್ತೆ. ಅಂದರೆ ಬಡಾವಣೆಯಾದ ಮೇಲೆ ಹಳ್ಳ ಮೊದಲಿಗಿಂತ ಅಗಲವಾಗಬೇಕು. ಆಗುವುದೇನು? ಇಪ್ಪತ್ತಡಿ ಹಳ್ಳ ಆರಡಿ ಕಾಂಕ್ರೀಟ್ ಮೋರಿಯಾಗುತ್ತದೆ. ರಸ್ತೆ ಕೆಳಗೆ ಎರಡು ಪೈಪು ತೂರಿಸಿದರೆ ಬಿಲ್ಲು ಪಾಸು. ಪೈಪಿಗೆ ಕಸ ಸಿಕ್ಕಿಕೊಂಡರೆ ಮುಗೀತು, ನೀರು ಅಂಗಡಿ ಮೆಟ್ಟಿಲು ಹತ್ತುತ್ತೆ.

ಹಳ್ಳ ಹುಡುಕಲು ವಿಲಾಯತಿ ಎಂಜಿನಿಯರ್ ಬೇಡ. ಗ್ರಾಮ ನಕಾಶೆಯಲ್ಲೇ ಗೀಟು ಎಳೆದಿದೆ. ಹಳ್ಳ, ದಾರಿಗಳಿಗೆ ಬಿಟ್ಟ ಜಮೀನು ಸರ್ವೆ ದಾಖಲೆಯಲ್ಲಿ ‘ಬಿ ಖರಾಬು’. ಅದು ಸಾರ್ವಜನಿಕರದ್ದು, ಖಾಸಗಿಯವರು ಮಾರುವಂತಿಲ್ಲ. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ದೊಡ್ಡ ರಾಜಕಾಲುವೆಯ ಮಧ್ಯದಿಂದ 50 ಮೀಟರು, ಅದಕ್ಕಿಂತ ಚಿಕ್ಕದಕ್ಕೆ 25, ತೀರಾ ಸಣ್ಣದಕ್ಕೆ 15 ಮೀಟರು ಜಾಗ ಬಿಡಬೇಕೆಂದು ಬರೆದಿತ್ತು. ಬರೆದರೆ ಸಾಕೇ? 2016ರಲ್ಲಿ ಅಲ್ಲಿ ರಾಜಕಾಲುವೆ ಮೇಲಿನ ಮನೆಗಳಿಗೆ ಜೆಸಿಬಿ ಬಂತು. ಸಾಲ ಮಾಡಿ ಕಟ್ಟಿಸಿದವರು ಬೀದಿಗೆ ಬಂದರು. ಸೈಟು ಮಾರಿದವರ, ಪ್ಲಾನಿಗೆ ಸಹಿ ಹಾಕಿದವರ ಮನೆ ಮುಂದೆ ಜೆಸಿಬಿ ನಿಲ್ಲಲಿಲ್ಲ.

‘ಹಳ್ಳಕ್ಕೆ ಜಾಗ ಬಿಟ್ಟರೆ ನಮಗೆ ಲಾಸು’ ಎಂದು ಲೇಔಟಿನವರು ಗೊಣಗಬಹುದು. ಪಾರ್ಕಿಗೆಂದು ಹೇಗೂ ಜಾಗ ಬಿಡಲೇಬೇಕಲ್ಲ? ಆ ಪಾರ್ಕನ್ನು ಹಳ್ಳದ ದಂಡೆಗೇ ತನ್ನಿ. ಇಳಿಜಾರಿಗೆ ಹುಲ್ಲು ಹಾಕಿ. ವರ್ಷದಲ್ಲಿ ನಾಲ್ಕು ದಿನ ನೀರು ಹರಿಯಲಿ, ಮಿಕ್ಕ ದಿನ ಮಕ್ಕಳು ಆಡಿಕೊಳ್ಳಲಿ.

ಬಿಡದಿ, ರಾಮನಗರ, ಚನ್ನಪಟ್ಟಣದ ಸುತ್ತ ಇನ್ನೂ ಹೊಲಗಳಿವೆ. ಈಗ ಬಿಟ್ಟರೆ ಹೋಗುವುದು ಕೆಲವೇ ಗುಂಟೆ. ಆಮೇಲೆ ಒಡೆಯಲು ಹೊರಟರೆ ಕೋಟಿ ಖರ್ಚು, ಮೇಲೆ ಕಣ್ಣೀರು. ಪುರಪಿತೃಗಳು ಹಳ್ಳದ ಅಗಲ ಗುರುತಿಸಿ ಕಲ್ಲು ನೆಡದ ಹೊರತು ಯಾವ ಬಡಾವಣೆಗೂ ಒಪ್ಪಿಗೆ ಕೊಡಬಾರದು. ಓದುಗರೂ ಅಷ್ಟೇ, ಸೈಟಿಗೆ ಮುಂಗಡ ಕೊಡುವ ಮುಂಚೆ ಗ್ರಾಮ ನಕಾಶೆ ಒಮ್ಮೆ ಬಿಚ್ಚಿ ನೋಡಿ.

ನೀರು ತನ್ನ ದಾರಿ ಮರೆಯುವುದಿಲ್ಲ. ಸಂಬಂಧಪಟ್ಟವರು ಇನ್ನಾದರೂ ನೆನಪು ಮಾಡಿಕೊಳ್ಳುವರೇ?